ತಟ್ಟದೆ ಕೊಟ್ಟ ಜಾಡಿಗಳು

ಕೋಲಾರದಲ್ಲಿ ಕುಂಬಾರಿಕೆ ಕಲಿಯಲು ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು ಹೋದ ತಿಂಗಳು ನನ್ನನ್ನು ಕರೆಸಿಕೊಂಡಿದ್ದರು. ಶಾಲು ಹೊದಿಸಿ, ಕುರ್ಚಿಯಲ್ಲಿ ಕೂರಿಸಿ, ನಿಮ್ಮ ಸೃಜನಶೀಲ ಪಯಣದ ಬಗ್ಗೆ ಹೇಳಿ ಎಂದರು. ನನ್ನ ಪಯಣ ಅಂಥ ದೊಡ್ಡದೇನಲ್ಲ. ಲಕ್ಕೂರು ಪಕ್ಕದ ನಮ್ಮ ಹಳ್ಳಿಯಿಂದ ಮಾಲೂರಿಗೆ ಒಂದು ಬಸ್ಸು, ಮಾಲೂರಿನಿಂದ ಕೋಲಾರಕ್ಕೆ ಇನ್ನೊಂದು. ಎರಡರಲ್ಲೂ ನನಗೆ ಸೀಟು ಸಿಕ್ಕಿದ್ದು ಅಪರೂಪ.

ಅವರಲ್ಲೊಬ್ಬಳು ನಾನು ಮಾಡಿದ ಕಪ್ಪನ್ನು ತಿರುಗಿಸಿ ನೋಡಿ, ಇದರ ಹಿಡಿ ಯಾಕೆ ಇಷ್ಟು ದೊಡ್ಡದು, ಇದು ನಿಮ್ಮ ಶೈಲಿಯಾ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಕಲಾವಿಮರ್ಶಕರು ಉತ್ತರ ಕೊಟ್ಟರು. ಅದು ಗ್ರಾಮೀಣ ದಿಟ್ಟತನದ ಅಭಿವ್ಯಕ್ತಿಯಂತೆ. ಅಷ್ಟು ಓದಿಕೊಂಡವರ ಮಾತನ್ನು ಅಲ್ಲಗಳೆಯಲು ನನಗೆ ಸಂಕೋಚವಾಯಿತು, ಜೊತೆಗೆ ಅವರು ಕೊಟ್ಟ ಕಾಫಿಯೂ ಚೆನ್ನಾಗಿತ್ತು. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮಪ್ಪ ಮುನಿಶಾಮಪ್ಪ ಸುತ್ತಿನ ಏಳೆಂಟು ಹಳ್ಳಿಗೆ ಮಡಕೆ ಮಾಡಿ ಕೊಡುತ್ತಿದ್ದ. ನೀರಿನ ಮಡಕೆ, ಸಾರಿನ ಕುಡಿಕೆ, ಮದುವೆ ಮನೆಗೆ ಸುಣ್ಣ ಕೆಮ್ಮಣ್ಣು ಬಳಿದ ಅರಿವೇಣಿ ಮಡಕೆ, ಎಲ್ಲವೂ ಅವನ ತಿಗರಿ ಚಕ್ರದಿಂದಲೇ ಹೋಗಬೇಕು. ಮಡಕೆ ಸುಟ್ಟ ಆವಿಗೆ ಪೂರ್ತಿ ಆರಿದ ಮೇಲೆ ಅವನು ಅಂಗಳದಲ್ಲಿ ಕೂರುತ್ತಿದ್ದ. ಒಂದೊಂದೇ ಮಡಕೆಯನ್ನು ಎಡಗೈ ಮೇಲೆ ಕೂರಿಸಿಕೊಂಡು, ಬಲಗೈಯ ನಡುಬೆರಳು ಮಡಚಿ, ಗೆಣ್ಣಿನಿಂದ ಎರಡು ಸಲ ತಟ್ಟುವನು. ಠಣ್ ಎಂದರೆ ಬಲಗಡೆ, ಬದ್ ಎಂದರೆ ಎಡಗಡೆ. ಎಡಗಡೆ ಇಟ್ಟವನ್ನೆಲ್ಲ ಕೊನೆಗೆ ತಾನೇ ಕಲ್ಲಿನಿಂದ ಒಡೆದು ಹಾಕುವನು.

ಒಂದು ಸಲ ಪಕ್ಕದ ಬೀದಿಯ ಹೆಂಗಸೊಬ್ಬಳು ಎಡಗಡೆಯ ಮಡಕೆಯೊಂದನ್ನು ತನಗೆ ಕೊಡೆಂದು ಕಾಡಿದಳು. ಅವಳು ಹುರುಳಿ ತುಂಬಿಡುವವಳು, ನೀರು ಹಾಕುವವಳಲ್ಲ, ಬಿರುಕಿದ್ದರೆ ನಷ್ಟವೇನಿಲ್ಲ. ಅವಳ ಮಾತಿನಲ್ಲಿ ನನಗೂ ತಪ್ಪು ಕಾಣಲಿಲ್ಲ. ಅಪ್ಪ ಅವಳ ಎದುರಿಗೇ ಅದನ್ನು ಒಡೆದ.

"ಅದು ಮಡಕೆ ಅಲ್ಲಮ್ಮ, ಮಡಕೆ ಥರ ಐತೆ ಅಷ್ಟೆ" ಅಂದ.

ಎಪ್ಪತ್ತರ ದಶಕದ ಶುರುವಿನಲ್ಲಿ ಕೋಲಾರದಲ್ಲಿ ಸರ್ಕಾರದ ಒಂದು ಕುಂಬಾರಿಕೆ ಕೇಂದ್ರ ತೆರೆಯಿತು. ಅದರ ಪೂರ್ತಿ ಹೆಸರು ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು, ನಾವು ಕೇಂದ್ರ ಎಂದಷ್ಟೇ ಕರೆಯುತ್ತಿದ್ದೆವು. ಕರೆಂಟಿನ ತಿಗರಿ, ಇಟ್ಟಿಗೆ ಗೂಡಿನ ಭಟ್ಟಿ, ಮಡಕೆಯ ಮೇಲೆ ಗಾಜಿನಂತೆ ಹೊಳೆಯುವ ಗ್ಲೇಜು, ಇವೆಲ್ಲ ನಾನು ಕೇಳಿಯೂ ಇರಲಿಲ್ಲ. ಕೈ ಓಡುತ್ತದೆ ಎಂದು ನನ್ನನ್ನು ಕುಶಲಕರ್ಮಿಯೆಂದು ಸೇರಿಸಿಕೊಂಡರು. ಅಪ್ಪ ಬೇಡ ಅನ್ನಲಿಲ್ಲ. ಕರೆಂಟು ಹೋದರೆ ತಿಗರಿ ಏನಾಗುತ್ತದೆ ಎಂದು ಮಾತ್ರ ಕೇಳಿದ. ನಿಲ್ಲುತ್ತದೆ ಎಂದೆ. ಹಾಗಾದರೆ ದಿನಕ್ಕೆ ಎಷ್ಟು ಹೊತ್ತು ಕೆಲಸ ಎಂದ. ಕೋಲಾರದ ಕರೆಂಟು ಹೇಗಿರುತ್ತದೆಂದು ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಮಣ್ಣಿನ ವಿಷಯದಲ್ಲಿ ಡಿಗ್ರಿ ಮಾಡಿದವರು. ಯಾವ ಶಾಖದಲ್ಲಿ ಮಣ್ಣು ಏನಾಗುತ್ತದೆಂದು ಬಾಯಲ್ಲೇ ಹೇಳುವರು, ಆದರೆ ಮಣ್ಣನ್ನು ಮುಟ್ಟುವಾಗ ಕರ್ಚೀಫು ಬೇಕು. ಒಳ್ಳೆಯ ಮನುಷ್ಯರು. ಬಂದ ವಾರದಲ್ಲೇ ಗಾಜಿನ ಬಾಗಿಲಿನ ಎರಡು ಬೀರು ತರಿಸಿ, ಒಂದರ ಮೇಲೆ ಉಪಯುಕ್ತ ಎಂದೂ ಇನ್ನೊಂದರ ಮೇಲೆ ಅಲಂಕಾರಿಕ ಎಂದೂ ಬರೆಸಿದರು. ನಾವು ಮಾಡುವ ಪ್ರತಿಯೊಂದೂ ಇವೆರಡರಲ್ಲಿ ಒಂದಾಗಿರಬೇಕು, ಎರಡೂ ಆಗುವ ಹಾಗಿಲ್ಲ. ಉಪಯುಕ್ತ ಬೀರುವಿನಲ್ಲಿದ್ದ ಕಪ್ಪುಗಳನ್ನು ಯಾರೂ ಉಪಯೋಗಿಸಕೂಡದು, ಅವು ತೋರಿಸಲು ಇದ್ದವು. ಸಾಹೇಬರೂ ನಾವೂ ಟೀ ಕುಡಿಯುತ್ತಿದ್ದದ್ದು ಎದುರಿನ ಅಂಗಡಿಯ ಗಾಜಿನ ಲೋಟದಲ್ಲಿ.

ಮೊದಲ ಸಲ ಚೆನ್ನಾಗಿ ಬಂದ ಒಂದು ಕಪ್ಪನ್ನು ಕೇಳಿ ತೆಗೆದುಕೊಂಡು ಊರಿಗೆ ಒಯ್ದೆ. ಹಸಿರು ಬಣ್ಣ, ತೆಳು ಅಂಚು, ಬೆರಳ ತುದಿಯಲ್ಲಿ ಹಿಡಿಯುವಂಥ ಪುಟ್ಟ ಹಿಡಿ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ, ಗ್ಲೇಜಿನ ಮೇಲೆ ಹೆಬ್ಬೆರಳು ಆಡಿಸಿದ. ನಾನು ಅವನ ನಡುಬೆರಳನ್ನೇ ನೋಡುತ್ತಿದ್ದೆ. ಅದು ಮಡಚಲಿಲ್ಲ. ಚೆನ್ನಾಗೈತೆ ಎಂದು ಕಪ್ಪನ್ನು ಗೋಡೆಯ ಗೂಡಿನಲ್ಲಿ, ದೇವರ ಪಟದ ಪಕ್ಕ ಇಟ್ಟ. ತಟ್ಟದೆ ಇಟ್ಟ ವಸ್ತು ಅಪ್ಪನ ಲೆಕ್ಕದಲ್ಲಿ ಮಡಕೆಯೇ ಅಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ವರ್ಷಕ್ಕೊಂದರಂತೆ ಒಯ್ಯುತ್ತಲೇ ಹೋದೆ. ಸಾಸರು, ಹೂದಾನಿ, ಕೂಜ. ಎಲ್ಲವೂ ಚೆನ್ನಾಗಿದ್ದವು, ಎಲ್ಲವೂ ಗೂಡು ಸೇರಿದವು. ಅವನು ನನ್ನದೊಂದನ್ನು ತಟ್ಟಬೇಕು ಎಂಬ ಆಸೆ ನನ್ನಲ್ಲಿ ಬೆಳೆಯುತ್ತಲೇ ಹೋಯಿತು. ಕೇಳಿ ತಟ್ಟಿಸಿಕೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ.

ನನ್ನ ಹೆಸರು ಪೇಪರಿನಲ್ಲಿ ಬಂದದ್ದು ನನ್ನ ಮೊದಲ ದೊಡ್ಡ ತಪ್ಪಿನಿಂದ. ಅಪ್ಪನ ಆವಿಗೆಯಲ್ಲಿ ಮಡಕೆಯ ಬಾಯಿಗೆ ಮಡಕೆಯ ತಳ ಕೂರಿಸಿ, ಸಂದಿಲ್ಲದಂತೆ ಜೋಡಿಸುವುದು ಪದ್ಧತಿ. ಬರಿ ಮಣ್ಣು ಬರಿ ಮಣ್ಣಿಗೆ ಅಂಟುವುದಿಲ್ಲ. ಗ್ಲೇಜು ಬಳಿದ ಮೂವತ್ತಾರು ಕಪ್ಪುಗಳನ್ನು ನಾನು ಅದೇ ಭಕ್ತಿಯಿಂದ ಒಂದರೊಳಗೊಂದು ಕೂರಿಸಿದೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಸಾಮಾನು ಹಿಡಿಸಿದ್ದೀಯ ಎಂದು ಸಾಹೇಬರು ಬೆನ್ನು ತಟ್ಟಿದರು. ಗ್ಲೇಜು ಬೆಂಕಿಯಲ್ಲಿ ಬೆಲ್ಲದ ಪಾಕದಂತೆ ಕರಗುತ್ತದೆಂದು ಅವರು ಪಾಠದಲ್ಲಿ ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ. ಇಬ್ಬರಿಗೂ ಆ ಹೊತ್ತಿಗೆ ನೆನಪಾಗಲಿಲ್ಲ. ಭಟ್ಟಿ ತೆಗೆದಾಗ ಮೂವತ್ತಾರೂ ಕಚ್ಚಿಕೊಂಡು ಒಂದೇ ಮುದ್ದೆಯಾಗಿದ್ದವು. ಹಿಡಿಗಳು ಅಲ್ಲಲ್ಲಿ ಹೊರಗೆ ಚಾಚಿಕೊಂಡಿದ್ದವು.

ಸಾಹೇಬರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಂಗಳೂರಿನ ಪ್ರದರ್ಶನಕ್ಕೆ ತಕ್ಷಣ ಏನಾದರೂ ಕಳಿಸಬೇಕೆಂದು ಕಾಗದ ಬಂತು. ಕಳಿಸಲು ಬೇರೆ ಏನೂ ಇರಲಿಲ್ಲ. ಅವರು ಮುದ್ದೆಗೆ ಕೂಡುಕುಟುಂಬ ಎಂದು ಹೆಸರಿಟ್ಟು, ಅಲಂಕಾರಿಕ ವಿಭಾಗದಲ್ಲಿ ಕಳಿಸಿಬಿಟ್ಟರು. ಅದಕ್ಕೆ ಎರಡನೆಯ ಬಹುಮಾನ ಬಂತು. ಈ ಕಲ್ಪನೆ ನಿಮಗೆ ಹೊಳೆದದ್ದು ಯಾವಾಗ ಎಂದು ಪೇಪರಿನವರು ಕೇಳಿದರು. ಭಟ್ಟಿ ತೆಗೆದ ಮೇಲೆ ಎಂದೆ. ಅದನ್ನು ಅವರು ವಿನಯವೆಂದು ಬರೆದುಕೊಂಡರು.

ಆ ಪೇಪರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅವನು ಪೂರ್ತಿ ಕೇಳಿದ.

"ಏನ್ಲಾ, ಎಷ್ಟು ಕಪ್ಪು ಹಾಳಾದ್ವು?"

"ಮೂವತ್ತಾರು."

"ಎಲ್ಲಾ ಹಾಳಾಗಿದ್ರೆ ಮೊದಲ್ನೇ ಬಹುಮಾನ ಕೊಡ್ತಿದ್ರೇನೋ."

ಇದ್ದದ್ದೇ ಮೂವತ್ತಾರು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ವರ್ಷ ಅಂಥದೇ ಇನ್ನೊಂದು ಮಾಡೆಂದು ಸಾಹೇಬರು ದುಂಬಾಲು ಬಿದ್ದರು. ಈ ಸಲ ಬೇಕೆಂದೇ ಒತ್ತಿ ಒತ್ತಿ ಜೋಡಿಸಿದೆ. ಗ್ಲೇಜು ತೆಳುವಾಯಿತೋ ಬೆಂಕಿ ಸಾಲದಾಯಿತೋ, ಸಣ್ಣ ಏಟಿಗೇ ಎಲ್ಲ ಬೇರೆಯಾಗಿ, ಒಂದೂ ಸೀಳದೆ, ಚೆಂದದ ಕಪ್ಪುಗಳಾಗಿ ಹೊರಬಂದವು. ಅಷ್ಟು ಒಳ್ಳೆಯ ಕಪ್ಪುಗಳಿಗೆ ನಾನು ಅಷ್ಟು ಬೈಸಿಕೊಂಡದ್ದು ಅದೊಂದೇ ಸಲ.

ಗಣೇಶನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಮುಳಬಾಗಿಲಿನ ಕಡೆ ಕುರುಡುಮಲೆಯ ಗಣೇಶನ ಗುಡಿಗೆ ಬರುವ ಭಕ್ತರಿಗೆಂದು ಹಳದಿ ಗ್ಲೇಜಿನ ಪುಟ್ಟ ಗಣೇಶಗಳನ್ನು ಮಾಡಿದೆವು. ಹಬ್ಬಕ್ಕೆ ಮುಂಚೆಯೇ ಮುಗಿದುಹೋದವು. ಹಬ್ಬ ಮುಗಿದು ಜನ ಅವನ್ನು ಕೆರೆಗೆ ಬಿಟ್ಟರು. ಹಸಿಮಣ್ಣಿನ ಗಣೇಶ ಒಂದು ಗಂಟೆಯಲ್ಲಿ ಕರಗುತ್ತಾನೆ, ನಮ್ಮವನು ಸುಟ್ಟು ಗಾಜು ಹೊದ್ದವನು. ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲರೂ ಕೆಸರಿನಲ್ಲಿ ಸಾಲಾಗಿ ಕೂತು ಹೊಳೆಯುತ್ತಿದ್ದರಂತೆ. ಎತ್ತಿಕೊಂಡು ಹೋಗಲು ಭಯ, ಬಿಟ್ಟು ಹೋಗಲೂ ಭಯ. ಊರಿನ ಹಿರಿಯರೊಬ್ಬರು ಕೇಂದ್ರಕ್ಕೇ ಬಂದು ಇದಕ್ಕೆ ಪರಿಹಾರ ಏನು ಎಂದು ಕೇಳಿದರು. ಸಾಹೇಬರು ಅವರಿಗೆ ನಮ್ಮ ಗ್ಲೇಜಿನ ಬಾಳಿಕೆಯ ಬಗ್ಗೆ ವಿವರಿಸಿ ಕಳಿಸಿದರು.

ಇಲ್ಲಿಯವರೆಗಿನದು ನಗುವ ಮಾತು. ಎಂಬತ್ತರ ದಶಕ ಬರುವ ಹೊತ್ತಿಗೆ ಕೇಂದ್ರದಲ್ಲಿ ಕೆಲಸದ ಕ್ರಮ ಬದಲಾಯಿತು. ಅಷ್ಟು ದಿನ ನಾನೂ ಅಪ್ಪನಂತೆಯೇ ಪ್ರತಿಯೊಂದನ್ನೂ ತಟ್ಟಿ ಕೊಡುತ್ತಿದ್ದೆ. ಒಮ್ಮೆ ದೊಡ್ಡ ಅಧಿಕಾರಿಗಳು ನೋಡಲು ಬಂದಿದ್ದಾಗ ನಾನು ಕೂಜಗಳನ್ನು ತಟ್ಟುತ್ತಾ ಕೂತಿದ್ದೆ. ಅವರು ಹೋದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. ಬಂದವರ ಎದುರಿಗೆ ನಮ್ಮ ಸಾಮಾನಿನ ಮೇಲೆ ನಾವೇ ಅನುಮಾನ ಪಡುವುದು ಚೆನ್ನಾಗಿ ಕಾಣುವುದಿಲ್ಲವಂತೆ. ತಟ್ಟುವುದು ಸಂತೆಯ ಅಭ್ಯಾಸ. ಇನ್ನು ಮುಂದೆ ಕಣ್ಣಿನಲ್ಲಿ ನೋಡಿ, ತಳಕ್ಕೆ ಪರೀಕ್ಷಿಸಿದೆ ಎಂಬ ನೀಲಿ ಮೊಹರು ಒತ್ತಬೇಕು. ಆ ಮೊಹರು ನನ್ನ ಕೈಗೇ ಬಂತು.

ನನಗೆ ಬೇಜಾರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಮ್ಮೆಯೇ ಆಯಿತು. ತಟ್ಟುವ ಹೊತ್ತಿನಲ್ಲಿ ನಾಲ್ಕು ಮೊಹರು ಒತ್ತಬಹುದಿತ್ತು. ಗೆಣ್ಣಿನ ಜಡ್ಡು ಒಂದೇ ವರ್ಷದಲ್ಲಿ ಮೆತ್ತಗಾಯಿತು.

ಮೊಹರು ಬಂದ ಮೂರನೆಯ ವರ್ಷ, ಬೇಸಿಗೆಗೆ ಮುಂಚೆ, ಶ್ರೀನಿವಾಸಪುರದಿಂದ ಮೂವತ್ತು ಉಪ್ಪಿನಕಾಯಿ ಜಾಡಿಗಳಿಗೆ ಆರ್ಡರು ಬಂತು. ಅಲ್ಲಿ ಮಾವಿನ ತೋಟಗಳ ಮಧ್ಯೆ ವೆಂಕಟಲಕ್ಷ್ಮಮ್ಮ ಎಂಬುವರು ಬೀದಿಯ ಹೆಂಗಸರನ್ನು ಸೇರಿಸಿಕೊಂಡು ಉಪ್ಪಿನಕಾಯಿ ಹಾಕಿ ಮಾರುತ್ತಿದ್ದರು. ಜಾಡಿಗಳನ್ನು ಸೊಗಸಾಗಿ ಮಾಡಿ ಸುಟ್ಟದ್ದಾಯಿತು. ಆದರೆ ಭಟ್ಟಿ ಇನ್ನೂ ಕೈ ಇಡಲಾಗದಷ್ಟು ಬಿಸಿಯಿತ್ತು. ಮಾರನೆಯ ದಿನ ಯಾರೋ ಗಣ್ಯರು ಬರುವವರಿದ್ದರು, ಅವರ ಕೈಯಿಂದಲೇ ಜಾಡಿ ಕೊಡಿಸಬೇಕೆಂದು ಸಾಹೇಬರಿಗೆ ಆಸೆ. ಬಾಗಿಲ ಇಟ್ಟಿಗೆ ತೆಗೆದವನು ನಾನೇ. ತಣ್ಣನೆ ಗಾಳಿ ಒಳಗೆ ಹೊಕ್ಕಾಗ ಜಾಡಿಗಳಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಬಂತು. ಅದು ಬಿರುಕು ಬಿಡುವ ಸದ್ದೆಂದು ಕುಂಬಾರರ ಮನೆಯ ಮಗುವಿಗೂ ಗೊತ್ತು. ಕಣ್ಣಿನಲ್ಲಿ ನೋಡಿದೆ, ಏನೂ ಕಾಣಲಿಲ್ಲ. ಮೂವತ್ತಕ್ಕೂ ಮೊಹರು ಒತ್ತಿದೆ.

ಎರಡು ತಿಂಗಳಾದ ಮೇಲೆ ವೆಂಕಟಲಕ್ಷ್ಮಮ್ಮ ಒಂದು ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಬಂದರು. ಹನ್ನೊಂದು ಜಾಡಿಗಳಿಂದ ಉಪ್ಪುನೀರು ಜಿನುಗಿ ಹೋಗಿ, ಕಾಯಿಗೆಲ್ಲ ಬೂಷ್ಟು ಹಿಡಿದಿತ್ತು. ಅವರು ಕೂಗಾಡಲಿಲ್ಲ. ಜಾಡಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, ಬೆರಳು ಮಡಚಿ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಬದ್, ಬದ್.

"ವಿನಪಡಿಂದಾ ಸಾರ್, ಕೇಳಿಸ್ತಾ? ಸಂತೇಲಿ ಮಣ್ಣಲ್ಲಿ ಕೂತ್ಕೊಂಡು ಮಾರೋನು ತಟ್ಟಿ ಕೊಡ್ತಾನೆ. ನೀವು ಮೊಹರು ಒತ್ತಿ ಕೊಟ್ರಿ. ಉಪ್ಪುನೀರಿಗೆ ಓದೋಕೆ ಬರ್ತದಾ ಸಾರ್?"

ಸಾಹೇಬರು ನನ್ನ ಕಡೆ ನೋಡಿದರು. ಆಕೆಯೂ ನನ್ನ ಕಡೆ ತಿರುಗಿ, ಯಾವ ಊರು, ಯಾರ ಮಗ ಎಂದು ವಿಚಾರಿಸಿದರು. ಹೇಳಿದೆ. ಆಕೆಯ ತವರೂ ಲಕ್ಕೂರು ಕಡೆಯದೇ. ಆಕೆಯ ಮದುವೆಯ ಅರಿವೇಣಿ ಮಡಕೆಗಳು ನಮ್ಮ ಮನೆಯಿಂದಲೇ ಹೋಗಿದ್ದವಂತೆ.

"ಮುನಿಶಾಮಣ್ಣನ ಮಗನಾ ನೀನು?" ಎಂದರು. ಅಷ್ಟೇ. ಆಮೇಲೆ ಬೈಯಲೂ ಇಲ್ಲ. ಬೈದಿದ್ದರೆ ಅವತ್ತು ನನಗೆ ಊಟ ಸೇರುತ್ತಿತ್ತು.

ಆಕೆ ಹೋದ ಮೇಲೆ ಸಾಹೇಬರು ಯೋಚಿಸಿ ಒಂದು ದಾರಿ ಹುಡುಕಿದರು. ಹನ್ನೊಂದು ಜಾಡಿಗಳನ್ನೂ ವಾಪಸು ತರಿಸಿ, ಹೊರಗೆ ಮಾವಿನೆಲೆಯ ಚಿತ್ರ ಬರೆಸಿ, ಅಲಂಕಾರಿಕ ಬೀರುವಿಗೆ ಸೇರಿಸಿದರಾಯಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಮಡಕೆಯ ಥರ ಇರುವುದಕ್ಕೆ ನಮ್ಮಲ್ಲಿ ಬೀರುವೇ ಇತ್ತಲ್ಲ.

ನಾನು ಆ ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಊರಿನ ಬಸ್ಸು ಹತ್ತಿದೆ. ಅಷ್ಟು ಹೊತ್ತಿಗೆ ಅಪ್ಪನಿಗೆ ಎರಡೂ ಕಿವಿ ಹೋಗಿತ್ತು. ತಿಗರಿ ಬಿಟ್ಟು ಎರಡು ವರ್ಷವಾಗಿತ್ತು. ಜಗಲಿಯ ಮೇಲೆ ಕೂತಿದ್ದವನ ಮುಂದೆ ಜಾಡಿ ಇಟ್ಟೆ. ಅವನು ನನ್ನ ಮುಖ ನೋಡಿದ, ಜಾಡಿ ನೋಡಿದ. ಎಡಗೈ ಮೇಲೆ ಕೂರಿಸಿಕೊಂಡ. ನಡುಬೆರಳು ಮಡಚಿದ.

ಹನ್ನೊಂದು ವರ್ಷ ನಾನು ಕಾದದ್ದು ಆ ಬೆರಳಿಗೆ. ಅದು ಮಡಚಿದ್ದು ನಾನು ಮಾಡಿದವುಗಳಲ್ಲೆಲ್ಲ ಕೆಟ್ಟದ್ದಕ್ಕೆ. ಬದ್, ಬದ್ ಎಂದಿತು. ಅವನಿಗೆ ಕೇಳಿಸಲಿಲ್ಲ.

"ಏನಂತು?" ಎಂದ.

ಚೆನ್ನಾಗಿದೆ ಎಂದು ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವನು ಜಾಡಿಯನ್ನು ಬಲಗಡೆ ಇಡುತ್ತಿದ್ದ, ಅದನ್ನು ನಾನು ಸಾಯುವವರೆಗೂ ನೆನೆಸಿಕೊಳ್ಳಬಹುದಿತ್ತು. ಆ ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಕೊನೆಗೆ, ಬಿರುಕು ಬಿಟ್ಟಿದೆ ಎಂದೆ. ಅದೂ ಅವನಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಹೋಗಿ ಇನ್ನೊಂದು ಸಲ ಹೇಳಿದೆ. ಕೈಯನ್ನು ಕಿವಿಗೆ ಆನಿಸಿಕೊಂಡು, ಏನು ಎಂದ. ಗಂಟಲು ಬಿರಿಯುವ ಹಾಗೆ ಕೂಗಬೇಕಾಯಿತು.

"ಬಿರುಕು ಬಿಟ್ಟೈತೆ ಅಪ್ಪಾ. ನಾನು ತಟ್ಟದೆ ಕೊಟ್ಟೆ."

ಬೀದಿಯಲ್ಲಿ ರಾಗಿ ಕೇರುತ್ತಿದ್ದ ಹೆಂಗಸರು ಮೊರ ನಿಲ್ಲಿಸಿ ತಿರುಗಿ ನೋಡಿದರು. ಅಪ್ಪ ಜಾಡಿಯನ್ನು ಎಡಗಡೆ ಇಟ್ಟ. ಜಗಲಿಯ ಕೆಳಗಿದ್ದ ದುಂಡು ಕಲ್ಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಪರೀಕ್ಷಿಸಿದೆ ಎಂಬ ಮೊಹರಿನ ಸಮೇತ ಸರ್ಕಾರಿ ಸ್ವತ್ತನ್ನು ನಾನು ಒಡೆದೆ.

ಅಷ್ಟಕ್ಕೆ ಅವನು ಬಿಡಲಿಲ್ಲ. ಗೂಡಿನ ಕಡೆ ಕೈ ತೋರಿಸಿ, ಎಲ್ಲ ತಗೊಂಡು ಬಾ ಎಂದ. ಹನ್ನೊಂದು ವರ್ಷದ ಹನ್ನೊಂದು ಸಾಮಾನುಗಳನ್ನು ತಂದು ಸಾಲಾಗಿ ಇಟ್ಟೆ. ಒಂದೊಂದನ್ನೇ ಎತ್ತಿಕೊಂಡು ತಟ್ಟಿದ. ಪ್ರತಿ ಸಲ ತಟ್ಟಿ ನನ್ನ ಮುಖ ನೋಡಿ ಏನಂತು ಎನ್ನುವನು, ನಾನು ಕೂಗಿ ಹೇಳುವೆನು. ನಾನು ಹೇಳಿದ ಕಡೆಗೆ ಅದನ್ನು ಇಡುವನು. ಮೂರು ಎಡಗಡೆ ಹೋದವು. ಆ ಮೂರೂ ಮೊಹರು ಬಂದ ಮೇಲಿನವು. ಅವನ್ನೂ ಒಡೆದೆ. ಅಷ್ಟು ವರ್ಷ ಯಾಕೆ ತಟ್ಟಲಿಲ್ಲ ಎಂದು ಕಿವಿಯಲ್ಲಿ ಕೂಗಿ ಕೇಳಿದೆ.

"ನೀನು ಯಾವತ್ತು ತಂದಿದ್ದೆ ಪರೀಕ್ಷೆಗೆ? ಮೆಚ್ಕೊಳ್ಳಿ ಅಂತ ತಂದೆ. ಮೆಚ್ಕೊಂಡೆ."

ಉಳಿದ ಎಂಟರಲ್ಲಿ ಮೊದಲ ವರ್ಷದ ಹಸಿರು ಕಪ್ಪನ್ನು ಎತ್ತಿ ಅಮ್ಮನ ಕೈಗೆ ಕೊಟ್ಟು, ಇದರಲ್ಲಿ ಕಾಫಿ ತಾ ಎಂದ. ಅಮ್ಮ ದೇವರ ಪಟದ ಪಕ್ಕ ಇದ್ದದ್ದೆಂದು ಹಿಂದೆಮುಂದೆ ನೋಡಿ, ಆಮೇಲೆ ತೊಳೆದು ತಂದಳು. ಅಪ್ಪ ಹಿಡಿಯೊಳಗೆ ಬೆರಳು ತೂರಿಸಲು ನೋಡಿದ. ಐವತ್ತು ವರ್ಷ ಮಣ್ಣು ಮಿದ್ದ ಕೈ, ಬೆರಳು ಗೆಣ್ಣಿನ ಹತ್ತಿರವೇ ನಿಂತಿತು. ಕಪ್ಪನ್ನು ಎರಡೂ ಕೈಯಲ್ಲಿ ಬಟ್ಟಲಿನಂತೆ ಹಿಡಿದು ಕುಡಿದು ಮುಗಿಸಿದ.

"ಹಿಡಿ ಚಿಕ್ಕದಾಯ್ತು ಕಣೋ. ಬೆರಳು ತೂರಲ್ಲ" ಎಂದ.

ನನ್ನ ಕೆಲಸದಲ್ಲಿ ಅವನು ತೆಗೆದ ಮೊದಲ ತಪ್ಪು ಅದು. ನನಗೆ ಅಳು ಬಂತು, ಮುಖ ತೊಳೆಯಲೆಂದು ಹಿತ್ತಲಿಗೆ ಹೋದೆ.

ಕೇಂದ್ರಕ್ಕೆ ವಾಪಸು ಬಂದು ಎರಡೂ ಬೀರುಗಳನ್ನು ತೆರೆದು, ಇದ್ದದ್ದನ್ನೆಲ್ಲ ತಟ್ಟಿದೆ. ಬದ್ ಎಂದವನ್ನು ಹಿತ್ತಲಲ್ಲಿ ಒಡೆದೆ. ಸಾಹೇಬರು ಮೆಮೊ ಕೊಟ್ಟರು. ತಟ್ಟಿದೆ, ಠಣ್ ಎನ್ನಲಿಲ್ಲ ಎಂದು ಒಂದೇ ಸಾಲು ಉತ್ತರ ಬರೆದೆ. ಅವರು ಅದನ್ನು ಫೈಲಿಗೆ ಸೇರಿಸಿದರು. ಕೂಡುಕುಟುಂಬವನ್ನು ಮಾತ್ರ ನಾನು ಒಡೆಯಲಿಲ್ಲ. ಅದು ಸಾಹೇಬರ ಕೋಣೆಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುವುದಕ್ಕೆ ಬೇಕಾಗಿತ್ತು. ನಮ್ಮ ಕೇಂದ್ರದಲ್ಲಿ ದಿನಾ ಉಪಯೋಗಕ್ಕೆ ಬರುತ್ತಿದ್ದ ವಸ್ತು ಅದೊಂದೇ.

ಹನ್ನೊಂದು ಹೊಸ ಜಾಡಿ ಮಾಡಿ, ಭಟ್ಟಿಯನ್ನು ತಾನಾಗಿ ಆರಲು ಬಿಟ್ಟು, ನಾನೇ ಶ್ರೀನಿವಾಸಪುರಕ್ಕೆ ಒಯ್ದೆ. ವೆಂಕಟಲಕ್ಷ್ಮಮ್ಮನವರ ಎದುರಿಗೆ ಒಂದೊಂದನ್ನೂ ತಟ್ಟಿ ಕೊಟ್ಟೆ. ಆಕೆ ತಲೆ ಆಡಿಸುತ್ತಾ ಕೇಳಿಸಿಕೊಂಡು, ಆಮೇಲೆ ಹನ್ನೊಂದನ್ನೂ ತಾವೇ ಇನ್ನೊಂದು ಸಲ ತಟ್ಟಿ ಒಳಗಿಟ್ಟರು. ಹೊರಡುವಾಗ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟು, ಮುನಿಶಾಮಣ್ಣನಿಗೆ ಎಂದರು.

ಅದರ ಮುಂದಿನ ಭಟ್ಟಿಗೆ ಕಪ್ಪು ಮಾಡುವಾಗ ಒಂದು ದಾರ ಜೇಬಿನಲ್ಲಿತ್ತು. ಊರಿನಿಂದ ಹೊರಡುವ ದಿನ ಅದನ್ನು ಅಪ್ಪನ ನಡುಬೆರಳಿನ ಗೆಣ್ಣಿಗೆ ಸುತ್ತಿ ಗಂಟು ಹಾಕಿಕೊಂಡಿದ್ದೆ. ಮಾದರಿಗಿಂತ ಹಿಡಿ ದೊಡ್ಡದಾಯಿತೆಂದು ಸಾಹೇಬರು ಆಕ್ಷೇಪಿಸಿದರು, ಹೊಸ ಕಪ್ಪಿನಲ್ಲಿ ಅಪ್ಪ ನಾಲ್ಕು ವರ್ಷ ಕಾಫಿ ಕುಡಿದ. ಅವನು ಹೋದ ಮೇಲೂ ನಾನು ಬೇರೆ ಅಳತೆಯ ಹಿಡಿ ಮಾಡಿಲ್ಲ. ಆ ಹುಡುಗಿ ಇದನ್ನು ಓದುತ್ತಿದ್ದರೆ ತಿಳಿದುಕೊಳ್ಳಲಿ, ಅದು ಶೈಲಿಯಲ್ಲಮ್ಮ, ನಮ್ಮಪ್ಪನ ಬೆರಳು.